ಯಂತ್ರಕ್ಕೆ ರಾಗವಿಲ್ಲ ಎಂದವರಾರು?

"ಕಂಪ್ಯೂಟರಿನಲ್ಲಿ ಮಾಡಿದ್ದು ಸಂಗೀತವೇ ಅಲ್ಲ, ಅದು ಪರದೇಶದ ಗದ್ದಲ." ಸಂಘಗಳ ಕಾರ್ಯಕ್ರಮಪಟ್ಟಿ ತಯಾರಾಗುವಾಗಲೆಲ್ಲ ಹಿರಿಯರಿಂದ ಈ ಮಾತು ಬರುವುದುಂಟು. ಹುಡುಗರಿಬ್ಬರು ಲ್ಯಾಪ್‌ಟಾಪು, ಕೀಬೋರ್ಡು ಹಿಡಿದು ಬಂದರೆ ಅವರಿಗೆ ವೇದಿಕೆಯಿಲ್ಲ. ಇದನ್ನು ನಾವು ಒಪ್ಪೆವು. (ಗದ್ದಲವೆಂದರೇನೆಂದು ಹಗಲಿರುಳು ತಲೆಯ ಮೇಲೆ ವಿಮಾನ ಹಾರುವ ದ್ವಾರಕಾದವರಿಗೆ ಯಾರೂ ಕಲಿಸಬೇಕಿಲ್ಲ.)

ಹೀಗೆನ್ನುವ ಮಹನೀಯರೇ ಹಾಡಲು ಕುಳಿತಾಗ ಪಕ್ಕದಲ್ಲಿ ಏನಿರುತ್ತದೆ? ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ! 1970ರ ದಶಕದ ಕೊನೆಗೆ ಅದನ್ನು ಬೆಂಗಳೂರಿನಲ್ಲಿ ರೂಪಿಸಿದ ಜಿ. ರಾಜ್ ನಾರಾಯಣ್ ಇಂಜಿನಿಯರರು, ಕೊಳಲು ನುಡಿಸುವವರು. ತಂಬೂರಿ ಮೀಟುವ ಶಿಷ್ಯನ ಕೆಲಸವನ್ನು ವಿದ್ಯುನ್ಮಂಡಲ ವಹಿಸಿಕೊಂಡಿತು. ಅದರಿಂದ ಯಾವ ಸಂಸ್ಕೃತಿ ಮುಳುಗಿತು?

ಪರದೇಶದ್ದೆಂಬ ಆಕ್ಷೇಪವನ್ನೂ ನೋಡೋಣ. 1970ರಲ್ಲಿ ಜರ್ಮನಿಯ ರಾಲ್ಫ್ ಹುಟರ್, ಫ್ಲೋರಿಯನ್ ಶ್ನೈಡರ್ ಎಂಬಿಬ್ಬರು 'ಕ್ರಾಫ್ಟ್‌ವೆರ್ಕ್' ಹೆಸರಿನಲ್ಲಿ ಮೊದಲ ಆಲ್ಬಂ ತಂದರು. ಅದರಲ್ಲಿಯೂ ಕೊಳಲೇ, ವಿದ್ಯುತ್ತಿನಿಂದ ಮಾರ್ಪಟ್ಟ ಕೊಳಲು. ಇಂಥದ್ದಕ್ಕೆ ಇಂಗ್ಲಿಷರು 'ಕ್ರೌಟ್‌ರಾಕ್' ಎಂದು ಹೆಸರಿಟ್ಟರು, ಎಲೆಕೋಸು ತಿನ್ನುವವರ ರಾಕ್ ಎಂಬ ಗೇಲಿಯಿಂದ.

ಆಗ ನಮ್ಮವರೇನು ನಿದ್ದೆಯಲ್ಲಿದ್ದರೆ? 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಸ್ಥಾಪಿಸಿಕೊಟ್ಟರು. ಅದರ ತತ್ತ್ವ ಸರಳ: ಆಂದೋಲಕಕ್ಕೆ ಕೊಡುವ ವಿದ್ಯುತ್ತು ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಅದು ಷಡ್ಜಕ್ಕೂ ಸಲ್ಲುತ್ತದೆ, ಪಾಶ್ಚಾತ್ಯರ 'ಸಿ'ಗೂ ಸಲ್ಲುತ್ತದೆ, ವೋಲ್ಟಿಗೆ ಜಾತಿಯಿಲ್ಲ. 1972ರವರೆಗೆ ಗೀತಾ ಸಾರಾಭಾಯ್, ಅತುಲ್ ದೇಸಾಯ್, ಎಸ್.ಸಿ. ಶರ್ಮಾ ಮುಂತಾದವರು ಅಲ್ಲಿ ದುಡಿದರು. ಐ.ಎಸ್. ಮಾಥುರ್ ಒಂದು ಕೃತಿಗೆ 'ಒಮ್ಮೆ ನಾನು ತಂಬೂರಿ ನುಡಿಸಿದೆ' ಎಂಬರ್ಥದ ಹೆಸರಿಟ್ಟರು. ಜಿನರಾಜ್ ಜೋಶಿಪುರ 'ಸ್ಪೇಸ್ ಲೈನರ್ 2001' ಎಂದು ಅಂತರಿಕ್ಷಕ್ಕೇ ಹಾರಿದರು.

ಜರ್ಮನರದು ಲೋಕಪ್ರಸಿದ್ಧವಾಯಿತು. ನಮ್ಮವರ ಟೇಪುಗಳು ದಶಕಗಳ ಕಾಲ ಸಂಸ್ಥೆಯಲ್ಲೇ ಮಲಗಿದ್ದವು. 'ಎಂಪ್ಟಿಸೆಟ್' ಎಂಬ ಇಬ್ಬರ ತಂಡದಲ್ಲೊಬ್ಬರಾದ ಬ್ರಿಟನ್ನಿನ ಪಾಲ್ ಪರ್ಗಸ್ ಬಂದು 2017ರಲ್ಲಿ ಅವನ್ನು ಹುಡುಕಬೇಕಾಯಿತು. 2023ರಲ್ಲಿ ಅವು ಆಲ್ಬಮ್ಮಾಗಿ ಹೊರಬಂದವು. ಬರಬೇಕಿದ್ದು ಬಾರದೆ ಹೋದ ಭವಿಷ್ಯ, ದೆವ್ವದಂತೆ ಹಳೆಯ ಟೇಪಿನಲ್ಲಿ ಸುಳಿಯುವುದಕ್ಕೆ ಈಗಿನ ವಿಮರ್ಶಕರು 'ಹಾಂಟಾಲಜಿ' ಎನ್ನುತ್ತಾರೆ. ಆ ಪದ ಫ್ರೆಂಚ್ ಚಿಂತಕ ಜಾಕ್ ದೆರಿದಾ 1993ರಲ್ಲಿ ಕೊಟ್ಟದ್ದು. ಪದ ದೊಡ್ಡದು, ವಿಷಯ ನಮ್ಮ ಮನೆಗಳ ಅಟ್ಟದಲ್ಲೇ ಇದೆ.

ದೆಹಲಿ ಕನ್ನಡಿಗರ ಎಷ್ಟೋ ನಾಟಕ, ಭಾಷಣ, ಸುಗಮ ಸಂಗೀತಗಳ ಕ್ಯಾಸೆಟ್ಟುಗಳು ಅಟ್ಟಗಳಲ್ಲಿ ಬೇಯುತ್ತಿವೆ. ಟೇಪಿನ ಮೇಲಿನ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಮಳೆಗಾಲದ ತೇವ ಹೀರಿ ಸಡಿಲವಾಗುತ್ತದೆ. ಪುಡಿ ಉದುರಿದರೆ ದನಿಯೂ ಹೋದಂತೆ. ಸಂಸ್ಕೃತಿಯ ಕಾವಲುಗಾರರೆನ್ನುವವರು ಇದಕ್ಕೆ ಮಾಡಿದ್ದೇನು? ಹುಡುಗರಿಗೆ ಬಾಗಿಲು ಹಾಕಿದ್ದಷ್ಟೇ. ಆ ದನಿಗಳನ್ನು ಕಂಪ್ಯೂಟರಿಗೆ ಇಳಿಸಬಲ್ಲವರು ಈ ಹುಡುಗರೇ ಅಲ್ಲವೆ?

ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆ ಎರಡು. ಬರುವ ರಾಜ್ಯೋತ್ಸವದಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಅರ್ಧ ಗಂಟೆ ಕೊಡಿ, ಊಟದ ಹೊತ್ತಿನಲ್ಲಲ್ಲ, ಜನ ಕುಳಿತಿರುವಾಗ. ಹಾಗೆಯೇ ಸದಸ್ಯರ ಮನೆಗಳಲ್ಲಿರುವ ಟೇಪು, ಕ್ಯಾಸೆಟ್ಟುಗಳ ಪಟ್ಟಿಯನ್ನು ಈ ತಿಂಗಳೇ ಆರಂಭಿಸಿ. ದ್ವಾರಕಾದ ಮನೆಗಳಿಗೆ ಹೋಗಿ ಪಟ್ಟಿ ಬರೆದುಕೊಡಲು ನಾವು ಸಿದ್ಧ.