ಕರಡಿಯ ಹೊತ್ತು, ರೈತನ ಹೊತ್ತು



‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎಂದು ನಾವೆಲ್ಲ ಆಡುವುದುಂಟು. ಬಲ್ಲವರು ಹೇಳುವಂತೆ ಮೂಲ ಗಾದೆಯಲ್ಲಿ ಇದ್ದದ್ದು ಕರಡಿಯಲ್ಲ, ಇಷ್ಟಲಿಂಗವನ್ನು ಇರಿಸುವ ಕರಡಿಗೆ. ಪೂಜೆಗೆ ಕುಳಿತವನು ಕರಡಿಗೆಯನ್ನೇ ಮರೆತುಬಿಟ್ಟನೆಂಬುದು ಅದರ ಅರ್ಥ. ಬಾಯಿಂದ ಬಾಯಿಗೆ ಬರುವಾಗ ಕರಡಿಗೆ ಹೋಗಿ ಕರಡಿ ಉಳಿಯಿತು. ಮಾಡದ ತಪ್ಪು ಪಾಪದ ಪ್ರಾಣಿಯ ತಲೆಗೆ ಬಂತು.

ಹೊಲದಲ್ಲಿಯೂ ಹೀಗೆ ಆಗುವುದನ್ನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಕೂಡ್ಲಿಗಿ ಸೀಮೆಯ ರೈತರೊಬ್ಬರು ಹಾಳಾದ ಶೇಂಗಾ ಹೊಲವನ್ನು ತೋರಿಸಿ, ಕರಡಿಯ ಕೆಲಸ ಎಂದರು. ನಾನೂ ಹಾಗೆಯೇ ಬರೆದುಕೊಂಡೆ. ಜೊತೆಗಿದ್ದ ಅರಣ್ಯ ಕಾವಲುಗಾರ ಬಗ್ಗಿ ನೋಡಿ ನಕ್ಕ. ಸಾಲಿನ ಮಣ್ಣನ್ನು ಮೂತಿಯಿಂದ ಉತ್ತಂತೆ ತಿರುವಿ ಹಾಕಿತ್ತು, ಹೆಜ್ಜೆ ಸೀಳುಗೊರಸಿನದು. ಬಂದದ್ದು ಹಂದಿ. ಕರಡಿಯ ಹೆಜ್ಜೆಯಲ್ಲಿ ಐದು ಬೆರಳು ಮೂಡುತ್ತವೆ, ಅವುಗಳ ಮುಂದೆ ಉದ್ದ ಉಗುರಿನ ಗೀರು ಇರುತ್ತದೆ. ಕೃಷಿ ಪದವಿ ಪಡೆದ ನಾನು ಅದನ್ನು ಆ ದಿನ ಕಲಿತೆ.

ಆದರೆ ಕರಡಿ ಹೊಲಕ್ಕೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಶೇಂಗಾ, ಮೆಕ್ಕೆಜೋಳ, ಕಬ್ಬು, ಹಣ್ಣಿನ ತೋಟಗಳಿಗೆ ಅದು ಬರುತ್ತದೆ. ಎದುರು ಸಿಕ್ಕವರ ಮುಖ ಹರಿದದ್ದೂ ಉಂಟು. ಅದೇ ರೈತರು ಆ ದಿನ ಆಡಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕುಳಿತಿದೆ: “ಸಾಹೇಬ್ರ, ಕರೆಂಟು ರಾತ್ರಿ ಹತ್ತಕ್ಕ ಬರ್ತೈತಿ, ಕರಡಿನೂ ಹತ್ತಕ್ಕ ಗುಡ್ಡ ಇಳೀತೈತಿ. ಇಬ್ರಿಗೂ ಒಂದ ಪಾಳಿ ಹಾಕ್ಯಾರ.”

ಈ ಲೇಖನದ ತಿರುಳು ಇದೇ. ನಮಗೂ ಕರಡಿಗೂ ಇರುವ ಜಗಳ ನೆಲದ್ದು ಎಷ್ಟೋ, ಹೊತ್ತಿನದೂ ಅಷ್ಟೇ.

ಚಳಿಗಾಲದಲ್ಲಿ ಕರಡಿ ಮಲಗಿಬಿಡುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದವರು ಕೇಳುತ್ತಾರೆ. ಅದು ಹಿಮ ಬೀಳುವ ನಾಡಿನ ಕರಡಿಯ ಮಾತು. ಕಾಶ್ಮೀರ, ಹಿಮಾಚಲದ ಎತ್ತರದಲ್ಲಿರುವ ಕಂದು ಕರಡಿ ಹಿಮ ಬೀಳುವ ಮುನ್ನ ಮೈತುಂಬ ಕೊಬ್ಬು ಕೂಡಿಸಿಕೊಂಡು ನಾಲ್ಕಾರು ತಿಂಗಳು ಗವಿ ಸೇರುತ್ತದೆ. ಅಲ್ಲಿ ಅದು ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ. ಹೊರಗೆ ಮೇವಿಲ್ಲದ ಕಾಲವನ್ನು ಕಳೆಯಲು ಪ್ರಕೃತಿ ಕೊಟ್ಟ ಉಪಾಯವಿದು. ನಮ್ಮಲ್ಲಿ ಹಿಮವಿಲ್ಲ, ಗೆದ್ದಲಿಗೆ ಬರವಿಲ್ಲ. ಆದ್ದರಿಂದ ನಮ್ಮ ಕಪ್ಪು ಕರಡಿ ವರ್ಷವಿಡೀ ಎಚ್ಚರ. ಹೊಸದಾಗಿ ಈದ ತಾಯಿ ಮಾತ್ರ ಕೆಲವು ವಾರ ಗವಿ ಬಿಟ್ಟು ದೂರ ಹೋಗದು. ಮರಿಗಳು ಹುಟ್ಟುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ನೀರಾವರಿ ಶೇಂಗಾಕ್ಕೆ ನೀವು ನೀರು ಕಟ್ಟುವ ಕಾಲವೂ ಅದೇ.

ಬಿಸಿಲಿನ ಹೊತ್ತನ್ನು ಕರಡಿ ಬಂಡೆಗಳ ಸಂದಿನಲ್ಲಿ ಕಳೆಯುತ್ತದೆ. ಸಂಜೆ ಇಳಿದು ರಾತ್ರಿಯೆಲ್ಲ ತಿರುಗಿ ಬೆಳಗಾಗುವಾಗ ಮರಳುತ್ತದೆ. ಇದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಕಾಡು ಹಣ್ಣು. ಮೇಲ್ದವಡೆಯ ನಡುವಿನ ಎರಡು ಹಲ್ಲು ಇಲ್ಲ. ಆ ಸಂದಿನಿಂದಲೇ ಹುತ್ತದೊಳಗಿನ ಗೆದ್ದಲನ್ನು ಸದ್ದು ಮಾಡುತ್ತ ಹೀರುತ್ತದೆ. ಬೆಳೆಗೆ ಗೆದ್ದಲು ಬಿದ್ದರೆ ನಾವು ಔಷಧದ ಅಂಗಡಿಗೆ ಓಡುತ್ತೇವೆ. ಇದು ಕೂಲಿಯಿಲ್ಲದೆ ಗೆದ್ದಲು ತಿನ್ನುತ್ತದೆ. ಬಾರೆ, ಕಕ್ಕೆಯ ಬೀಜಗಳನ್ನು ಲದ್ದಿಯ ಮೂಲಕ ಗುಡ್ಡದ ತುಂಬ ಬಿತ್ತುವುದೂ ಇದೇ.

ಮೂಗನ್ನು ಹುತ್ತದಲ್ಲಿಟ್ಟ ಕರಡಿಗೆ ನೀವು ಹತ್ತಿರ ಬಂದದ್ದು ತಿಳಿಯುವುದಿಲ್ಲ. ಕಣ್ಣೂ ಅಷ್ಟು ಚುರುಕಲ್ಲ. ಥಟ್ಟನೆ ಎದುರಾದರೆ ಅದು ಓಡುವ ಬದಲು ಮೈಮೇಲೆ ಬೀಳುತ್ತದೆ. ತಿನ್ನಲಿಕ್ಕಲ್ಲ, ಹೆದರಿಕೆಯಿಂದ. ಆದರೆ ಕ್ವಿಂಟಲ್ ತೂಗುವ ಪ್ರಾಣಿ ಹೆದರಿ ಹೊಡೆದರೂ ಪೆಟ್ಟು ಪೆಟ್ಟೇ.

ಹಾಗಾದರೆ ಏನು ಮಾಡಬೇಕು? ರಾತ್ರಿ ನೀರು ಹಾಯಿಸಲು ಒಬ್ಬರೇ ಹೋಗಬೇಡಿ. ಬ್ಯಾಟರಿ ಹಿಡಿದು, ಮಾತಾಡುತ್ತ, ಕೋಲು ಕುಟ್ಟುತ್ತ ನಡೆಯಿರಿ. ನಿಮ್ಮ ಸದ್ದು ಮೊದಲೇ ಕೇಳಿದರೆ ಕರಡಿ ತಾನೇ ದಾರಿ ಬಿಡುತ್ತದೆ. ಕಾಲುದಾರಿಯ ಅಂಚಿನ ಪೊದೆ ಸವರಿರಿ. ಕಿತ್ತ ಶೇಂಗಾವನ್ನು ಗುಡ್ಡದ ಬುಡದಲ್ಲಿ ಗುಡ್ಡೆ ಹಾಕದೆ ಊರ ಹತ್ತಿರದ ಕಣಕ್ಕೆ ಬೇಗ ಸಾಗಿಸಿರಿ. ಸೌದೆಗೆ, ಸೀತಾಫಲಕ್ಕೆ ಹೋಗುವವರು ಬಿಸಿಲೇರಿದ ಮೇಲೆ ಗುಂಪಾಗಿ ಹೋಗಲಿ. ಗವಿಗಳ ಬಳಿ ಸುಳಿಯಬಾರದು. ಮರಿ ಹೊತ್ತ ತಾಯಿಗೆ ಕಲ್ಲು ಬೀಸಬೇಡಿ. ಎದುರಾದರೆ ಬೆನ್ನು ತೋರಿ ಓಡದೆ ಮೆಲ್ಲನೆ ಹಿಂದೆ ಸರಿಯಿರಿ. ಮರ ಹತ್ತಿ ಪ್ರಯೋಜನವಿಲ್ಲ, ಅದಕ್ಕೂ ಹತ್ತಲು ಬರುತ್ತದೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಕತ್ತು, ತಲೆಯನ್ನು ಕೈಯಿಂದ ಮುಚ್ಚಿಕೊಳ್ಳಿರಿ.

ಬೇಲಿಗೆ ಪಂಪ್‌ಸೆಟ್ಟಿನ ಕರೆಂಟು ಕೊಡುವ ಕೆಲಸ ಮಾತ್ರ ಎಂದಿಗೂ ಬೇಡ. ಆ ತಂತಿಗೆ ಕರಡಿ, ದನ, ನಿಮ್ಮ ಮಗ ಎಂಬ ಭೇದ ತಿಳಿಯದು. ಹಂದಿಗೆಂದು ಒಡ್ಡಿದ ಉರುಳಿಗೆ ಕರಡಿ ಸಿಕ್ಕರೂ ಕೇಸು ನಿಮ್ಮ ಮೇಲೆಯೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕರಡಿ ಮೊದಲ ಪಟ್ಟಿಯ ಪ್ರಾಣಿ. ಬೆಳೆ ಹಾಳಾದರೆ ಗುರುತು ಅಳಿಯುವ ಮೊದಲೇ ಫೋಟೋ ತೆಗೆದು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿರಿ. ಬಂದದ್ದು ಯಾವ ಪ್ರಾಣಿ ಎಂದು ಸರಿಯಾಗಿ ಬರೆಯಿರಿ.

ಇವೆಲ್ಲ ರೈತನ ಪಾಲಿನ ಕೆಲಸ. ಸರ್ಕಾರದ ಪಾಲೂ ಇದೆ. ದರೋಜಿಯಲ್ಲಿ 1994ರಲ್ಲಿ, ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮಗಳಾದವು, ಒಳ್ಳೆಯದೇ ಆಯಿತು. ಆದರೆ ಧಾಮದ ಗಡಿಕಲ್ಲನ್ನು ಕರಡಿ ಓದುವುದಿಲ್ಲ. ಸುತ್ತಲಿನ ಗುಡ್ಡಗಳ ಬಾರೆ, ಕವಳೆ, ಕಾರೆ ಪೊದೆಗಳು ಸೌದೆಗೆ ಹೋಗಿ, ಬಂಡೆಗಳು ಜಲ್ಲಿಯಾಗಿ ಹೋದರೆ ಅದು ಇಳಿಯುವುದು ನಮ್ಮ ಹೊಲಕ್ಕೇ. ಆದ್ದರಿಂದ ಗುಡ್ಡದ ಪೊದೆ ಗುಡ್ಡದಲ್ಲಿರಲಿ. ಅದಕ್ಕಿಂತ ಮೊದಲು, ಕರಡಿಯಿರುವ ಊರುಗಳಿಗೆ ತ್ರೀಫೇಸ್ ಕರೆಂಟನ್ನು ಹಗಲಿನಲ್ಲಿ ಕೊಡಲಿ. ಇದು ಇಲಾಖೆಯ ಮಾತಲ್ಲ, ನನ್ನ ಸ್ವಂತ ಅಭಿಪ್ರಾಯ. ಪರಿಹಾರದ ಹಣ ಆಸ್ಪತ್ರೆಯ ಖರ್ಚಿಗೆ ಬಂದೀತು, ಹೋದ ಕಣ್ಣನ್ನು ತರಲಾರದು. ಪಾಳಿ ಬದಲಿಸಿದರೆ ಎಷ್ಟೋ ಕಡೆ ಕರಡಿಯ ಎದುರು ಬೀಳುವುದೇ ತಪ್ಪುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ನೀವು ಕೂಡಿ ಈ ಒಂದು ಮಾತನ್ನು ಠರಾವು ಮಾಡಿ ಕಳಿಸಿರಿ.

ರಾತ್ರಿ ಕರಡಿಗಿರಲಿ. ಹಗಲು ನಮಗೆ ಸಿಗಲಿ.