ಬಣ್ಣ ತುಂಬಿದ ಕೈಗಳು

ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಉಡುಪಿನ ಚಿತ್ರಗಳನ್ನು ವಾಚಕರು ಎಂದಾದರೂ ಕಂಡಿರಬಹುದು. ಇಬ್ಬರು ಮಹಿಳೆಯರು, ಹಿಡಿಯಲ್ಲಿ ಅಡಗುವಂಥ ನಡು, ನೆಲ ಗುಡಿಸುವ ಲಂಗ. ಒಬ್ಬಳ ಕೈಯಲ್ಲಿ ಬೀಸಣಿಗೆ, ಇನ್ನೊಬ್ಬಳ ಕೈಯಲ್ಲಿ ಕಾಗದ. ಪಕ್ಕದಲ್ಲಿ ಪಿಯಾನೊ, ಕೆಲವೊಮ್ಮೆ ಗೊಂಬೆಯಂತೆ ಸಿಂಗರಿಸಿದ ಮಗು. ಗಂಡಸರು ಕಾಣಸಿಗುವುದು ಅಪರೂಪ; ಕೆಲಸವಂತೂ ಇಲ್ಲವೇ ಇಲ್ಲ. 1856ರ ಸುಮಾರಿಗೆ ಲಂಗದೊಳಗೆ ಉಕ್ಕಿನ ಬಳೆಗಳ ಪಂಜರವೂ ಸೇರಿತು. ಅದನ್ನು ತೊಟ್ಟವಳು ಕಿರಿದಾದ ಬಾಗಿಲಲ್ಲಿ ಹಾಯುವುದೇ ಪ್ರಯಾಸ. ಒಲೆಯ ಮುಂದೆ ನಿಲ್ಲುವ ಮಾತು ದೂರವೇ ಉಳಿಯಿತು. ಚಿತ್ರ ಸಾರುತ್ತಿದ್ದುದೂ ಅದನ್ನೇ: ಈ ಮನೆಯ ಯಜಮಾನನ ಸಂಪಾದನೆ ಚೆನ್ನಾಗಿದೆ, ಹೆಂಡತಿ ಕಡ್ಡಿ ಎತ್ತಿಡಬೇಕಾಗಿಲ್ಲ. (ಮನೆಗೆಲಸದವಳೂ ಅದೇ ಪಂಜರವನ್ನು ತೊಟ್ಟು ಬಂದಾಗ ಒಡತಿಯರು ಸಿಡಿಮಿಡಿಗೊಂಡರೆಂಬುದು ಬೇರೆ ಕಥೆ.)

ಇಂಥ ಚಿತ್ರಗಳಿಗೆ ಹೆಸರಾದದ್ದು ಅಮೆರಿಕದ ಫಿಲಡೆಲ್ಫಿಯದಲ್ಲಿ 1830ರಲ್ಲಿ ಆರಂಭವಾದ ‘ಗೋಡೀಸ್ ಲೇಡೀಸ್ ಬುಕ್’ ಎಂಬ ಮಾಸಪತ್ರಿಕೆ. ವರ್ಷಕ್ಕೆ ಮೂರು ಡಾಲರ್ ಚಂದಾ. 1860ರ ವೇಳೆಗೆ ಒಂದೂವರೆ ಲಕ್ಷ ಪ್ರತಿಗಳು ಹೋಗುತ್ತಿದ್ದುವು. ಅದರ ಸಂಪಾದಕಿ ಸಾರಾ ಜೋಸೆಫಾ ಹೇಲ್. ಮೇರಿಯ ಕುರಿಮರಿಯ ಶಿಶುಪದ್ಯವನ್ನು ಬರೆದಾಕೆ. 1822ರಲ್ಲಿ ಗಂಡ ತೀರಿಕೊಂಡಾಗ ಐದು ಮಕ್ಕಳ ಹೊಣೆ ಆಕೆಯ ಮೇಲೆ ಬಿದ್ದಿತು. ಲೇಖನಿಯನ್ನೇ ನಂಬಿ ಮಕ್ಕಳನ್ನು ಸಾಕಿದ ಆಕೆ, 1837ರಿಂದ 1877ರವರೆಗೆ, ಎಂಬತ್ತೊಂಬತ್ತರ ವಯಸ್ಸಿನ ತನಕ, ಈ ಪತ್ರಿಕೆಯನ್ನು ನಡೆಸಿದರು. ಸಾವಿರಾರು ಮನೆಗಳಿಗೆ ಬಣ್ಣಬಣ್ಣದ ಉಡುಪುಗಳನ್ನು ಕಳುಹಿಸಿದ ಸಂಪಾದಕಿ ತಾವು ಮಾತ್ರ ಗಂಡ ಹೋದಂದಿನಿಂದ ಕೊನೆಯವರೆಗೆ ತೊಟ್ಟದ್ದು ಕಪ್ಪು ಬಟ್ಟೆ! ಹೆಣ್ಣುಮಕ್ಕಳು ಓದಬೇಕು, ಶಿಕ್ಷಕಿಯರಾಗಬೇಕು, ವೈದ್ಯೆಯರಾಗಬೇಕೆಂದು ಬರೆದು ಬರೆದು ದಣಿದವರು ಆಕೆ; ಆದರೆ ಸ್ತ್ರೀಯರಿಗೆ ಮತದ ಹಕ್ಕು ಬೇಡವೆಂದರು. ಈ ವಿಷಯದಲ್ಲಿ ಆಕೆಯನ್ನು ಒಪ್ಪುವುದು ನಮ್ಮಿಂದಾಗದು.

ಆ ಬಣ್ಣವಾದರೂ ಎಲ್ಲಿಂದ ಬಂದಿತು? ಅಚ್ಚಾಗುತ್ತಿದ್ದುದು ಕಪ್ಪು ಗೆರೆಗಳು ಮಾತ್ರ. ಸುಮಾರು 150 ಹೆಂಗಸರು ಪ್ರತಿಯೊಂದು ಚಿತ್ರಕ್ಕೂ ಕುಂಚದಿಂದ ಕೈಯಾರೆ ಬಣ್ಣ ತುಂಬುತ್ತಿದ್ದರು. ಮೇಲೆ ಹೇಳಿದ ಒಂದೂವರೆ ಲಕ್ಷವನ್ನು ಇವರಿಗೆ ಹಂಚಿ ನೋಡಿ: ತಿಂಗಳಿಗೆ ಒಬ್ಬೊಬ್ಬಳ ಪಾಲಿಗೆ ಸಾವಿರ ಚಿತ್ರ. ಕಡ್ಡಿ ಎತ್ತಿಡದ ಸುಂದರಿಗೆ ಸಾವಿರ ಸಲ ಲಂಗದ ಬಣ್ಣ ಬಳಿದವಳು ಸಂಜೆ ಮನೆಗೆ ಹೋಗಿ ಅಡಿಗೆಗೆ ನಿಲ್ಲಬೇಕಾಗಿದ್ದಿತು.

ಗೋಡಿಯವರ ಅನೇಕ ಚಿತ್ರಗಳಿಗೆ ಪ್ಯಾರಿಸಿನ ಪತ್ರಿಕೆಗಳೇ ಮಾದರಿ. ಅಲ್ಲಿಯೂ ಹೀಗೆಯೇ. ಚಿತ್ರಕಾರ ಕೊಲಾಂ ಎಂಬವರ ಮೂವರು ಹೆಣ್ಣುಮಕ್ಕಳು, ಹೆಲೊಯಿಸ್, ಅನಾಯಿಸ್ ಮತ್ತು ಲೋರ್, ಈ ಕಸುಬಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ಆ ನಗರದ ಸರಕಾರಿ ಕಲಾಶಾಲೆ ಸ್ತ್ರೀಯರನ್ನು ಒಳಗೆ ಬಿಟ್ಟುಕೊಂಡದ್ದು 1897ರಲ್ಲಿ. ಇವರಿಗೆ ಮನೆಯೇ ಶಾಲೆಯಾಯಿತು. ಅನಾಯಿಸ್ ವಿಧವೆಯಾದ ಮೇಲೂ ಕುಂಚವನ್ನು ಕೆಳಗಿಡಲಿಲ್ಲ. ಮಗಳು ಇಸಾಬೆಲ್ ಕೂಡ ಅದೇ ಕೆಲಸವನ್ನು ಹಿಡಿದಳು.

ಅನಾಯಿಸಳ ಚಿತ್ರಗಳ ಕೆಳಗೆ ಆಕೆಯ ಸಹಿಯಿದೆ. ಫಿಲಡೆಲ್ಫಿಯದ ಆ 150 ಮಂದಿಯ ಹೆಸರು ಚಿತ್ರಗಳ ಮೇಲೆಲ್ಲಿಯೂ ಇಲ್ಲ. ಆದರೆ ಗೋಡಿಯವರ ಹಳೆಯ ಪ್ರತಿಗಳೆರಡನ್ನು ಅಕ್ಕಪಕ್ಕದಲ್ಲಿಟ್ಟರೆ ಕೆಲವೊಮ್ಮೆ ಒಂದು ತಮಾಷೆ ಕಾಣುವುದು. ಅದೇ ತಿಂಗಳು, ಅದೇ ಚಿತ್ರ, ಅದೇ ಉಡುಪು. ಒಂದರಲ್ಲಿ ಒಂದು ಬಣ್ಣ, ಇನ್ನೊಂದರಲ್ಲಿ ಬೇರೊಂದು.