ಮೇಜಿನ ಖಾನೆಯೂ ಚರಿತ್ರೆಯ ಪುಟವೇ

ಕರ್ನಾಟಕದಲ್ಲಿ ಹಂಪಿಯಷ್ಟು ಬಾರಿ ಕ್ಯಾಮೆರಾದ ಕಣ್ಣಿಗೆ ಬಿದ್ದ ಊರು ಇನ್ನೊಂದಿರಲಾರದು. 1856ರಲ್ಲಿಯೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದಿದ್ದ. ಅಂದಿನಿಂದ ಕಲ್ಲಿನ ರಥ, ಗೋಪುರ, ಮಂಟಪಗಳ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ಇದೇ ಸೀಮೆಯ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಜನಸಾಮಾನ್ಯರು ತಮ್ಮ ಮನೆಯೊಳಗೆ ಏನನ್ನು ಜೋಪಾನ ಮಾಡಿಕೊಂಡು ಬದುಕಿದರು ಎಂಬುದಕ್ಕೆ ಚಿತ್ರಸಾಕ್ಷ್ಯ ಹುಡುಕಿದರೆ ಸುಲಭಕ್ಕೆ ದೊರೆಯದು. ಕಲ್ಲಿಗೆ ಸಿಕ್ಕ ಗಮನ ಮನೆಯ ಮೇಜಿನ ಖಾನೆಗೆ ಸಿಗಲಿಲ್ಲ.

ಖಾನೆ ಎಂದೊಡನೆ ನಗು ಬರಬಹುದು. ಟೇಬಲ್ಲಿನ ಡ್ರಾಯರಿನಲ್ಲಿ, ಟ್ರಂಕಿನ ತಳದಲ್ಲಿ, ಗೋಡೆಯ ಗೂಡಿನಲ್ಲಿ ಇರುವುದಾದರೂ ಏನು? ಬೀಗ ಕಳೆದುಹೋದ ಬೀಗದ ಕೈ, ಸೂಜಿ-ದಾರ, ಗುಂಡಿ, ಅರ್ಧ ಮುಗಿದ ಮಾತ್ರೆಯ ಹಾಳೆ, ಹಳೆಯ ಲಗ್ನಪತ್ರಿಕೆ, ಕರೆಂಟ್ ಬಿಲ್ಲು, ತೀರಿಕೊಂಡ ಹಿರಿಯರ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, 2011ರ ಜೂನ್ ಕೊನೆಗೆ ಚಲಾವಣೆ ಕಳೆದುಕೊಂಡ ನಾಲ್ಕಾಣೆಯ ನಾಣ್ಯ. ಬಿಡಿಬಿಡಿಯಾಗಿ ನೋಡಿದರೆ ಕಸ. ಒಟ್ಟಾಗಿ ನೋಡಿದರೆ ಒಂದು ಸಂಸಾರದ ಆಯವ್ಯಯ, ಆರೋಗ್ಯ, ನಂಬಿಕೆ, ನಂಟಸ್ತನಗಳ ಕಡತ. ಯಾರಿಗೂ ತೋರಿಸಲೆಂದು ಜೋಡಿಸಿಟ್ಟದ್ದಲ್ಲವಾದ್ದರಿಂದಲೇ ಅದರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮವನ್ನೇ ತೆಗೆದುಕೊಳ್ಳಿ. ಇದು ತೋರಣಗಲ್ಲಿನ ನೆರೆಯ ಊರು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಸರ್ಕಾರಿ ಕಾರ್ಖಾನೆ ಮೇಲೇಳಲಿಲ್ಲ. 1990ರ ದಶಕದಲ್ಲಿ ಜಿಂದಾಲ್ ಸಮೂಹದ ಕಾರ್ಖಾನೆ ಬಂತು. ಬೇಸಾಯದ ಸೀಮೆ ಒಂದೇ ತಲೆಮಾರಿನಲ್ಲಿ ಉಕ್ಕಿನ ಸೀಮೆಯಾಯಿತು. ಕಾರ್ಖಾನೆಯ ಉತ್ಪಾದನೆಯ ಅಂಕಿಅಂಶ ವಾರ್ಷಿಕ ವರದಿಗಳಲ್ಲಿ ಭದ್ರವಾಗಿದೆ. ಆದರೆ ಇಂಥ ಊರುಗಳಲ್ಲಿ ಮಗ್ಗುಲು ಬದಲಿಸಿದ ಬದುಕಿನ ವಿವರ ಇರುವುದು ಮನೆಗಳ ಖಾನೆಗಳಲ್ಲಿ. ಅಜ್ಜನ ಕಾಲದ ಪಹಣಿ, ಮಗನ ಕಾಲದ ಗುತ್ತಿಗೆ ಕಾರ್ಮಿಕರ ಗುರುತಿನ ಚೀಟಿ, ಮೊಮ್ಮಗಳ ಐಟಿಐ ಪ್ರಮಾಣಪತ್ರ ಒಂದೇ ಪ್ಲಾಸ್ಟಿಕ್ ಚೀಲದೊಳಗೆ ಕುಳಿತಿದ್ದರೆ, ಅದಕ್ಕಿಂತ ಸ್ಪಷ್ಟವಾಗಿ ಆ ಕಥೆಯನ್ನು ಯಾವ ವರದಿ ಹೇಳೀತು?

ಈ ಸೀಮೆಗೆ 2011ರ ಜುಲೈ ತಿಂಗಳು ಮರೆಯಲಾಗದ್ದು. ಆ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಅದೇ ತಿಂಗಳು ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ಎಬ್ಬಿಸಿ, ಮನೆ-ಅಂಗಡಿಗಳನ್ನು ಕೆಡವಲಾಯಿತು. ಸ್ಮಾರಕ ಸಂರಕ್ಷಣೆಯ ದೃಷ್ಟಿಯಿಂದ ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ಬೀದಿಯ ಕಂಬಗಳ ಚಿತ್ರ ಬೇಕಾದಷ್ಟಿವೆ. ಕಂಬಗಳ ನಡುವೆ ಯಾರ ಗೂಡಿನಲ್ಲಿ ಏನಿತ್ತು ಎಂದು ಕೇಳಿದರೆ ಹೆಚ್ಚಾಗಿ ಅಲ್ಲಿದ್ದವರ ನೆನಪನ್ನೇ ಆಶ್ರಯಿಸಬೇಕು. ನೆನಪು ಸವೆಯುತ್ತದೆ, ನೆನಪಿಟ್ಟವರೂ ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ.

ದೂಳು, ನೀರು, ಉದ್ಯೋಗಗಳ ಸಮಸ್ಯೆ ಎದುರಿಗಿರುವಾಗ ಡ್ರಾಯರಿನ ಫೋಟೊ ತೆಗೆಯುವುದು ಹೊಟ್ಟೆಗೆ ಹಿಟ್ಟಿಲ್ಲದವರು ಜುಟ್ಟಿಗೆ ಮಲ್ಲಿಗೆ ಮುಡಿದಂತೆ ಅಲ್ಲವೇ ಎಂಬ ಆಕ್ಷೇಪ ಬರಬಹುದು. ಆದರೆ ಆ ಸಮಸ್ಯೆಗಳನ್ನು ಸಾಬೀತುಪಡಿಸುವ ಕಾಗದಗಳೂ ಇದೇ ಖಾನೆಗಳಲ್ಲಿವೆ. ಆಸ್ಪತ್ರೆಯ ಚೀಟಿ, ಕೂಲಿಯ ಲೆಕ್ಕ, ಭೂಸ್ವಾಧೀನದ ನೋಟಿಸು ಎಲ್ಲವೂ ಅಲ್ಲೇ. ಶಾಖದಿಂದ ಅಚ್ಚಾಗುವ ಈಗಿನ ರಸೀದಿಗಳಂತೂ ಕೆಲವೇ ವರ್ಷಗಳಲ್ಲಿ ಮಾಸಿ ಬಿಳಿ ಹಾಳೆಯಾಗುತ್ತವೆ. ಬಡವರ ಮನೆಯಲ್ಲಿ ಕಾಗದ ಕಳೆದರೆ ಕೆಲವೊಮ್ಮೆ ಹಕ್ಕೇ ಕಳೆದಂತೆ.

ವಸ್ತುಗಳಿಗೂ ಇದೇ ಮಾತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹೆಮ್ಮೆಯ ಸಂಗತಿಯೇ. ಆದರೆ ಪ್ರದರ್ಶನಕ್ಕೆ ಬಂದದ್ದು ಸಿದ್ಧವಾದ ಕಸೂತಿ. ಅದನ್ನು ಹೊಲಿದವಳ ಡಬ್ಬಿಯಲ್ಲಿ ಉಳಿದ ಕನ್ನಡಿ ಚೂರು, ಕವಡೆ, ಮೊಂಡಾದ ಸೂಜಿ, ಬಣ್ಣದ ನೂಲಿನ ತುಣುಕುಗಳನ್ನೂ ಯಾರಾದರೂ ನೋಡಬೇಡವೇ? ಕಲೆ ಹೇಗೆ ಮನೆಗೆಲಸದ ನಡುವೆ ಬೆಳೆಯಿತೆಂಬುದನ್ನು ಆ ಡಬ್ಬಿ ಹೇಳುತ್ತದೆ.

ಇದು ವಿಚಿತ್ರವಾದ ಹವ್ಯಾಸವೇನಲ್ಲ. ನೊಬೆಲ್ ಪುರಸ್ಕೃತ ಕಾದಂಬರಿಕಾರ ಓರ್ಹಾನ್ ಪಾಮುಕ್ 2012ರಲ್ಲಿ ಇಸ್ತಾಂಬುಲ್‌ನಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಸೇದಿ ಬಿಟ್ಟ ಸಿಗರೇಟಿನ ತುಂಡುಗಳಿಗೂ ಸ್ಥಾನವಿದೆ. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಗ್ರಾಮೀಣ ಮನೆಯ ಪಾತ್ರೆ-ಪಡಗ, ಬೇಸಾಯದ ಸಲಕರಣೆಗಳನ್ನು ಗೌರವದಿಂದ ಉಳಿಸಿಕೊಂಡಿದೆ. ಒನಕೆ-ಬೀಸುಕಲ್ಲುಗಳಿಗೆ ಸಂದ ಗೌರವ ಗೇಟ್ ಪಾಸಿಗೂ, ಮೊಬೈಲಿನ ಹಳೆಯ ಚಾರ್ಜರಿಗೂ ಸಲ್ಲಬೇಕಾದ ಕಾಲ ಬಂದಿದೆ.

ಕೆಲಸಕ್ಕೆ ದುಡ್ಡು ಬೇಕಿಲ್ಲ. ಬೆಳಗಿನ ಹೊತ್ತು ಕಿಟಕಿಯ ಬೆಳಕಿನಲ್ಲಿ ಖಾನೆಯನ್ನು ತೆರೆದು, ಒಳಗಿನದನ್ನು ಒಪ್ಪಗೊಳಿಸದೆ, ಇದ್ದಂತೆಯೇ ಮೇಲಿನಿಂದ ನೇರವಾಗಿ ಒಂದು ಚಿತ್ರ ತೆಗೆಯಬೇಕು. ಬಳಿಕ ಒಂದೊಂದೇ ವಸ್ತುವನ್ನು ಬಿಳಿ ಕಾಗದದ ಮೇಲಿಟ್ಟು ಇನ್ನೊಂದು ಚಿತ್ರ. ಅದು ಯಾರದು, ಎಲ್ಲಿಂದ ಬಂತು, ಏಕೆ ಎಸೆದಿಲ್ಲ ಎಂದು ಮನೆಯವರಿಂದಲೇ ಕೇಳಿ ನಾಲ್ಕು ಸಾಲು ಬರೆದಿಡಬೇಕು. ಈ ಮೂರನೆಯ ಪ್ರಶ್ನೆಯೇ ಮುಖ್ಯ. ದಿನಾಂಕ, ಊರು ನಮೂದಿಸದ ಚಿತ್ರ ಮುಂದೆ ಯಾರಿಗೂ ಉಪಯೋಗವಾಗದು.

ಆದರೆ ಖಾನೆ ಎಂಬುದು ಮನೆಯ ಮರ್ಯಾದೆಯೂ ಹೌದು. ಹೊರಗಿನವರು ಕ್ಯಾಮೆರಾ ಹಿಡಿದು ನುಗ್ಗಿ ಬಡತನವನ್ನು ಪ್ರದರ್ಶನಕ್ಕಿಡುವುದು ಸಲ್ಲದು. ತೆಗೆಯುವವರು ಮನೆಯವರೇ ಆಗಿರಲಿ; ಏನು ತೋರಿಸಬೇಕು, ಏನು ಬೇಡ ಎಂಬ ತೀರ್ಮಾನ ಅವರದಿರಲಿ. ಅದರಲ್ಲೂ ಖಾನೆ ಯಾರದೋ ಅವರ ಮಾತು ನಡೆಯಲಿ. ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಆಸ್ಪತ್ರೆಯ ವರದಿ, ಜಮೀನಿನ ಪತ್ರಗಳ ಚಿತ್ರಗಳು ಮನೆಯಲ್ಲೇ ಉಳಿಯಲಿ.

ಉಳಿದ ಚಿತ್ರಗಳನ್ನು ಮೊಬೈಲಿನಲ್ಲೇ ಬಿಟ್ಟರೆ ಮೊಬೈಲಿನೊಂದಿಗೇ ಹೋಗುತ್ತವೆ. ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರು ಮಕ್ಕಳಿಗೆ ಇದನ್ನೊಂದು ಚಟುವಟಿಕೆಯಾಗಿ ಕೊಡಬಹುದು. ಮನೆಯವರು ಒಪ್ಪಿದ ಚಿತ್ರಗಳ ಅಚ್ಚುಪ್ರತಿ ಊರಿನ ಗ್ರಂಥಾಲಯ ಸೇರಬಹುದು. ಇದೇ ಸೀಮೆಯಲ್ಲಿ 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇನ್ನೊಂದು ಪ್ರತಿಯನ್ನು ಕಾಪಾಡಿದರೆ ಅದರ ಧ್ಯೇಯಕ್ಕೆ ಒಪ್ಪುವ ಕೆಲಸವಾದೀತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯ ವಿಳಾಸ ಹೊತ್ತ ಹೊಸಪೇಟೆಯ ಕಾಗದಗಳೂ ಹಳೆಯವಾದವು. ಮುಂದಿನ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಂಥವು ಎಷ್ಟು ತಿಪ್ಪೆ ಸೇರುತ್ತವೋ ಹೇಳಲಾಗದು. ಎಸೆಯಬೇಕೆನಿಸಿದರೆ ಎಸೆಯಲಿ, ಅದಕ್ಕೆ ಮುನ್ನ ಒಂದು ಚಿತ್ರ ತೆಗೆದಿಡಲಿ.